ಶ್ಯಾಡೋರನ್ ಕಾದಂಬರಿ: ಮೊದಲು ಇಸವಿ ನೋಡಿ, ಆಮೇಲೆ ಹೆಸರು

ಪ್ರಶ್ನೆ: ಕಂಪ್ಯೂಟರಿನಲ್ಲಿ ‘ಶ್ಯಾಡೋರನ್ ರಿಟರ್ನ್ಸ್’, ‘ಡ್ರ್ಯಾಗನ್‌ಫಾಲ್’ ಎರಡನ್ನೂ ಆಡಿ ಮುಗಿಸಿದ್ದೇನೆ. ಈಗ ಐದು ಜನ ಗೆಳೆಯರು ಆಟಗಾರರಾಗಿ ಸೇರಿದ್ದಾರೆ. ಅವುಗಳ ಮೂಲವಾದ ಶ್ಯಾಡೋರನ್ ಎಂಬ, ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ರೋಲ್‌ಪ್ಲೇಯಿಂಗ್ ಆಟವನ್ನು ಐದನೇ ಆವೃತ್ತಿಯ ನಿಯಮ ಇಟ್ಟುಕೊಂಡು ಆಡಬೇಕೆಂದಿದ್ದೇವೆ, ಕತೆ ನಡೆಸುವ ಗೇಮ್‌ಮಾಸ್ಟರ್ ನಾನು. ಆ ಜಗತ್ತಿನ ಕಾದಂಬರಿಗಳನ್ನು ಓದೋಣವೆಂದರೆ ಪಟ್ಟಿಯಲ್ಲಿ ನಲವತ್ತಕ್ಕೂ ಹೆಚ್ಚಿವೆ. ಒಂದನೇ ನಂಬರಿನಿಂದಲೇ ಓದಬೇಕೆ? ಸದ್ಯಕ್ಕೆ ಮೂರು ಪುಸ್ತಕ ಕೊಳ್ಳಬಲ್ಲೆ. ಓದಿದ್ದು ಆಟದಲ್ಲಿ ಉಪಯೋಗಕ್ಕೆ ಬರುತ್ತದೆಯೆ? ನಮ್ಮ ಗುಂಪಿನ ಒಬ್ಬ ಮ್ಯೂನಿಕ್‌ನಲ್ಲಿದ್ದು ಆನ್‌ಲೈನ್‌ನಲ್ಲಿ ಸೇರಿಕೊಳ್ಳುತ್ತಾನೆ, ಜರ್ಮನ್ ಓದಬಲ್ಲ. ಅವನಿಗೆ ಏನು ಹೇಳಲಿ? – ಮೈಸೂರಿನ ಓದುಗರು

ಉತ್ತರ: ಒಂದನೇ ನಂಬರಿನಿಂದ ಶುರುಮಾಡಬೇಕಾಗಿಲ್ಲ. ಪುಸ್ತಕದ ಮೇಲಿರುವ ಆ ಅಂಕೆ ರಾಕ್ ಪ್ರಕಾಶನ ಅಚ್ಚು ಹಾಕಿದ ಸರದಿಯನ್ನು ಹೇಳುತ್ತದೆ, ಕತೆಯ ಸರದಿಯನ್ನಲ್ಲ. ‘ಇನ್‌ಟು ದ ಶ್ಯಾಡೋಸ್’ ಎಂಬ ಕಥಾಸಂಕಲನ 1990ರಲ್ಲೇ ಬಂದದ್ದು. ರಾಕ್ ಅದನ್ನು ಮತ್ತೆ ಅಚ್ಚು ಹಾಕುವಾಗ 7ನೇ ನಂಬರು ಅಂಟಿಸಿತು. ಮೈಕೆಲ್ ಸ್ಟ್ಯಾಕ್‌ಪೋಲ್ ಅವರ ‘ವುಲ್ಫ್ ಅಂಡ್ ರೇವನ್’ 1998ರದು, ಒಳಗಿರುವುದು ಮಾತ್ರ ಆಟದ ಮೊದಮೊದಲ ದಿನಗಳ ಸಿಯಾಟಲ್. ನೀವು ನೋಡಬೇಕಾದ ಅಂಕೆ ಬೇರೆ: ಕತೆ ನಡೆಯುವ ಇಸವಿ.

ಇಸವಿ ಯಾಕೆ ಅಷ್ಟು ಮುಖ್ಯ? ಎಷ್ಟೋ ಆಟಗಳ ಜಗತ್ತು ನಿಂತಲ್ಲೇ ನಿಂತಿರುತ್ತದೆ. ಶ್ಯಾಡೋರನ್‌ನ ಪಂಚಾಂಗ ಪುಸ್ತಕಗಳ ಜೊತೆಜೊತೆಗೇ ಮುಂದೆ ಸರಿಯುತ್ತದೆ. ಶಿಕಾಗೋದ ಫಾಸಾ ಕಂಪನಿ 1989ರಲ್ಲಿ ಆಟವನ್ನು ಹೊರತಂದಾಗ ಒಳಗಿನ ಇಸವಿ 2050. ಅಷ್ಟರೊಳಗೆ ಆ ಜಗತ್ತಿನಲ್ಲಿ ಆಗಬೇಕಾದ್ದು ಬಹಳಷ್ಟು ಆಗಿಹೋಗಿತ್ತು. 2011ರ ಡಿಸೆಂಬರ್ 24ರಂದು ಫ್ಯೂಜಿ ಪರ್ವತದ ಹತ್ತಿರ ಡ್ರ್ಯಾಗನ್ ಕಾಣಿಸಿಕೊಂಡು ಮಂತ್ರವಿದ್ಯೆ ಮರಳಿತು, 2021ರಲ್ಲಿ ಸಾಮಾನ್ಯ ಜನ ಇದ್ದಕ್ಕಿದ್ದ ಹಾಗೆ ಓರ್ಕ್ ಮತ್ತು ಟ್ರೋಲ್‌ಗಳಾಗಿ ಮಾರ್ಪಟ್ಟರು, 2029ರಲ್ಲಿ ಜಗತ್ತಿನ ಕಂಪ್ಯೂಟರ್ ಜಾಲವೇ ಕುಸಿದುಬಿತ್ತು. 1990ರ ದಶಕದ ಕಾದಂಬರಿಗಳ ಬಹುಪಾಲು 2050ರಿಂದ 2060ರ ಆಸುಪಾಸಿನ ಕತೆಗಳು. ನಿಮ್ಮ ಐದನೇ ಆವೃತ್ತಿ 2013ರಲ್ಲಿ ಬಂದದ್ದು, ಅದರ ಇಸವಿ 2075. ನೀವು ಆಡಿದ ಕಂಪ್ಯೂಟರ್ ಆಟಗಳು ನಡೆಯುವುದು 2054ರಲ್ಲಿ. ಅಂದರೆ ನಿಮ್ಮ ತಲೆಯಲ್ಲಿರುವ ಸಿಯಾಟಲ್‌ಗೂ ನಿಮ್ಮ ಮೇಜಿನ ಮೇಲಿರುವ ಪುಸ್ತಕದ ಸಿಯಾಟಲ್‌ಗೂ ನಡುವೆ ಇಪ್ಪತ್ತೊಂದು ವರ್ಷ ಕಳೆದಿದೆ. ಕಾದಂಬರಿ ಆರಿಸುವಾಗ ಆಗುವ ಗೊಂದಲಕ್ಕೆಲ್ಲ ಮೂಲ ಇಲ್ಲಿದೆ.

ಈ ಇಪ್ಪತ್ತೊಂದು ವರ್ಷದಲ್ಲಿ ಏನೆಲ್ಲ ಬದಲಾಯಿತೆಂದು ಗೊತ್ತಿಲ್ಲದೆ ಹಳೆಯ ಕಾದಂಬರಿಯ ವಿವರವನ್ನು ಆಟಕ್ಕೆ ತಂದರೆ ಮೊದಲ ಸಂಜೆಯೇ ಎಡವುತ್ತೀರಿ. ಹಳೆಯ ಕತೆಗಳಲ್ಲಿ ಡೆಕ್ಕರ್ ಎಂಬ ಹ್ಯಾಕರ್ ಕೀಬೋರ್ಡಿನಂಥ ಸೈಬರ್‌ಡೆಕ್ಕನ್ನು ಕಂಕುಳಲ್ಲಿ ಇರುಕಿಕೊಂಡು ಬಂದು, ಕೇಬಲ್ಲಿನ ಒಂದು ತುದಿಯನ್ನು ಗೋಡೆಗೂ ಇನ್ನೊಂದನ್ನು ತನ್ನ ತಲೆಗೂ ಸಿಕ್ಕಿಸಿಕೊಂಡು ಜಾಲಕ್ಕೆ ಇಳಿಯುತ್ತಾನೆ. 2064ರಲ್ಲಿ ಜಾಲ ಎರಡನೇ ಸಲ ಕುಸಿದು, ಮತ್ತೆ ಕಟ್ಟಿದಾಗ ಅದು ವೈರ್‌ಲೆಸ್ ಆಯಿತು. ನಾಲ್ಕನೇ ಆವೃತ್ತಿಯಲ್ಲಿ ಡೆಕ್ ಹೋಗಿ ಕೈಯಲ್ಲಿ ಹಿಡಿಯುವ ಕಾಮ್‌ಲಿಂಕ್ ಬಂತು. ಐದನೆಯದರಲ್ಲಿ ಡೆಕ್ ವಾಪಸ್ ಬಂದಿದೆ, ಜಾಲ ಮಾತ್ರ ವೈರ್‌ಲೆಸ್ಸಾಗಿಯೇ ಉಳಿದಿದೆ. ಹಾಗಾಗಿ ‘ಗೋಡೆಯ ಜ್ಯಾಕ್ ಹುಡುಕಬೇಕು’ ಎಂಬ ಹಳೆಯ ಕಾದಂಬರಿಗಳ ಅರ್ಧ ರೋಮಾಂಚನ ನಿಮ್ಮ ಆಟದಲ್ಲಿ ಹುಟ್ಟುವುದೇ ಇಲ್ಲ. ಹಳೆಯ ಕತೆಯಲ್ಲಿ ಸಿಯಾಟಲ್‌ನ ಪೊಲೀಸ್ ಕೆಲಸ ಲೋನ್ ಸ್ಟಾರ್ ಎಂಬ ಖಾಸಗಿ ಕಂಪನಿಯ ಗುತ್ತಿಗೆ. ನಿಮ್ಮ 2075ರಲ್ಲಿ ಆ ಗುತ್ತಿಗೆ ನೈಟ್ ಎರಂಟ್ ಎಂಬ ಇನ್ನೊಂದು ಕಂಪನಿಯ ಕೈಯಲ್ಲಿದೆ. ಹಳೆಯ ಕತೆಗಳ ದೈತ್ಯ ಕಂಪನಿ ಫುಚಿ ಒಡೆದು ಹೋಗಿದೆ. ರೆನ್‌ರಾಕು ಕಂಪನಿಯ ದೊಡ್ಡ ಆರ್ಕಾಲಜಿ, ಅಂದರೆ ಒಂದು ಊರೇ ಒಳಗಿರುವಂಥ ಕಟ್ಟಡ, 2059ರ ಕೊನೆಯಲ್ಲಿ ಒಳಗಿನವರ ಸಮೇತ ಮುಚ್ಚಿಕೊಂಡು, ಆಮೇಲೆ ಬಡವರ ವಸತಿಯಾಗಿದೆ. ಕಾದಂಬರಿ ಓದುವಾಗ ಪಕ್ಕದಲ್ಲಿ ಒಂದು ಚೀಟಿ ಇಟ್ಟು ಈ ನಾಲ್ಕನ್ನು – ಜಾಲ, ಪೊಲೀಸ್, ಫುಚಿ, ಆರ್ಕಾಲಜಿ – ಬರೆದುಕೊಳ್ಳಿ. ಇವು ಸರಿಯಿದ್ದರೆ ಮಿಕ್ಕ ತಪ್ಪುಗಳನ್ನು ಆಟಗಾರರು ಗಮನಿಸುವುದೂ ಇಲ್ಲ.

ಈಗ ನಿಮ್ಮ ಮೂರು ಪುಸ್ತಕ.

ಹೊಸಬರು ಕೇಳಿದರೆ ಕೊಡುವ ಉತ್ತರ ಸಾಮಾನ್ಯವಾಗಿ ನೈಜೆಲ್ ಫಿಂಡ್ಲಿ ಅವರ ‘2ಎಕ್ಸ್‌ಎಸ್’. ಡರ್ಕ್ ಮಾಂಟ್‌ಗೊಮರಿ ಎಂಬ ಖಾಸಗಿ ಪತ್ತೇದಾರ ‘ನಾನು’ ಎಂದು ಹೇಳಿಕೊಂಡು ಹೋಗುವ ಕತೆ, ಒಂದೇ ಊರು, ಒಂದೇ ಸಂಪುಟ, ಹಿಂದೆ ಮುಂದೆ ಏನೂ ಓದಿರಬೇಕಾಗಿಲ್ಲ. ಉತ್ತರ ಸರಿಯೇ, ಆದರೆ ನಿಮಗೆ ಅಲ್ಲ. ‘ಶ್ಯಾಡೋರನ್ ರಿಟರ್ನ್ಸ್’ ಆಟದ ದ್ವಿತೀಯಾರ್ಧದಲ್ಲಿ ಯೂನಿವರ್ಸಲ್ ಬ್ರದರ್‌ಹುಡ್ ಎಂಬ ಸಂಸ್ಥೆಯ ಒಳಗುಟ್ಟು ಬಯಲಾದದ್ದು ನಿಮಗೆ ನೆನಪಿರಬಹುದು. ‘2ಎಕ್ಸ್‌ಎಸ್’ ತೋಡುವುದೂ ಅದೇ ಬಾವಿಯನ್ನು. ಪತ್ತೇದಾರಿ ಕಾದಂಬರಿಯ ಕೊನೆಯ ಪುಟವನ್ನು ಮೊದಲೇ ಓದಿಬಿಟ್ಟಂತಾಗುತ್ತದೆ. ಬರವಣಿಗೆಗಾಗಿ ಮುಂದೆಂದಾದರೂ ಓದಿ. ಮೊದಲ ಮೂರರಲ್ಲಿ ಬೇಡ. ಹಾಂ, ನಿಮ್ಮ ಆಟಗಾರರಲ್ಲಿ ಯಾರು ಆ ಕಂಪ್ಯೂಟರ್ ಆಟ ಆಡಿಲ್ಲವೋ ಅವರ ಕೈಗೆ ಮಾತ್ರ ಇದನ್ನೇ ಕೊಡಿ.

ಅದರ ಬದಲು ಫಿಂಡ್ಲಿ ಅವರದೇ ‘ಲೋನ್ ವುಲ್ಫ್’ (1994) ತೆಗೆದುಕೊಳ್ಳಿ. ರಿಕ್ ಲಾರ್ಸನ್ ಲೋನ್ ಸ್ಟಾರಿನ ಗುಪ್ತ ಪೊಲೀಸ್. ಕಟರ್ಸ್ ಎಂಬ ಬೀದಿ ಗ್ಯಾಂಗಿನೊಳಗೆ ಸದಸ್ಯನಾಗಿ ಸೇರಿಕೊಂಡಿದ್ದಾನೆ. ಇಲ್ಲೂ ‘ನಾನು’ ಎಂಬ ನಿರೂಪಣೆ, ಚುರುಕಾದ ಮಾತು. ಗೇಮ್‌ಮಾಸ್ಟರಿಗೆ ಇದು ಯಾಕೆ ಬೇಕೆಂದರೆ, ಇದರಲ್ಲಿ ಮಂತ್ರ ಕಡಿಮೆ, ಬೀದಿ ಹೆಚ್ಚು. ಗ್ಯಾಂಗಿನಲ್ಲಿ ಯಾರ ಮಾತು ಯಾರು ಕೇಳುತ್ತಾರೆ, ಆಯುಧ ಎಲ್ಲಿಂದ ಬರುತ್ತದೆ, ಇಂಥವನು ನಂಬಿಕಸ್ಥ ಅನ್ನುವುದು ಹೇಗೆ ತೀರ್ಮಾನವಾಗುತ್ತದೆ – ಇಂಥ ವಿವರಗಳು ನಿಯಮಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದಿರುತ್ತವೆ, ಇಲ್ಲಿ ಅಧ್ಯಾಯಗಟ್ಟಲೆ ಇವೆ. ಫಿಂಡ್ಲಿ ಸ್ವತಃ ಆಟದ ಪುಸ್ತಕಗಳನ್ನೂ ಬರೆದವರು. ಜಗತ್ತಿನ ಕಾರಣ-ಪರಿಣಾಮ ಅವರ ಕೈಯಲ್ಲಿ ಜಾರುವುದಿಲ್ಲ. 1995ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡರು. ಈ ಸರಣಿಗೆ ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ ಎಂದರೆ ಹೆಚ್ಚಾಗದು.

ಎರಡನೆಯದು ನಿಕ್ಸ್ ಸ್ಮಿತ್ ಅವರ ‘ಫೇಡ್ ಟು ಬ್ಲ್ಯಾಕ್’, ಅದೂ 1994ರದೇ. ಇದನ್ನು ಶಿಫಾರಸು ಮಾಡಲು ಒಂದೇ ಕಾರಣ ಸಾಕು: ಇದು ತಂಡದ ಕತೆ. ಶ್ಯಾಡೋರನ್ ಕಾದಂಬರಿಗಳ ದೊಡ್ಡ ಕೊರತೆ ಎಂದರೆ ಹೆಚ್ಚಿನವು ಒಂಟಿ ನಾಯಕನ ಬೆನ್ನು ಹತ್ತಿ ಹೋಗುತ್ತವೆ, ಆಟವಾದರೋ ಐದಾರು ಜನರದು. ಇಲ್ಲಿ ನ್ಯೂವಾರ್ಕ್ ನಗರದಲ್ಲಿ ನಾಯಕ ರಿಕೊ, ಪ್ರಾಣಿ-ಆತ್ಮದ ನೆರವಿನಿಂದ ಮಂತ್ರ ಮಾಡುವ ಶಾಮನ್ ಬ್ಯಾಂಡಿಟ್, ಡೆಕ್ಕರ್ ಪೈಪರ್, ಓರ್ಕ್ ಶ್ಯಾಂಕ್, ವಾಹನ ನಡೆಸುವ ಕುಳ್ಳ ಥಾರ್ವಿನ್ – ಒಬ್ಬೊಬ್ಬರಿಗೆ ಒಂದೊಂದು ಕೆಲಸ, ಒಂದೊಂದು ಹಟ. ಕಂಪನಿಯ ಹಿಡಿತದಲ್ಲಿರುವ ವಿಜ್ಞಾನಿಯೊಬ್ಬನನ್ನು ಹೊರತರುವ ಸುಪಾರಿ. ಆ ಮನುಷ್ಯನಿಗೆ ನಿಜಕ್ಕೂ ಹೊರಬರುವ ಮನಸ್ಸಿದೆಯೆ ಎಂಬ ಪ್ರಶ್ನೆ ರಿಕೊನನ್ನು ಕಾಡುತ್ತದೆ. ನಿಮ್ಮ ಮೇಜಿನಲ್ಲೂ ಇಂಥ ಕೆಲಸಗಳಲ್ಲಿ ಜಗಳ ಹುಟ್ಟುವುದು ಇದೇ ಪ್ರಶ್ನೆಗೆ. ಗದ್ಯ ಸ್ವಲ್ಪ ಒರಟು. ಮೊದಲ ಐವತ್ತು ಪುಟ ತಾಳ್ಮೆ ಬೇಕು.

ಮೂರನೆಯದು ನಿಮ್ಮ ಇಸವಿಗೆ ಹತ್ತಿರದ್ದಿರಲಿ. ರಸೆಲ್ ಜಿಮ್ಮರ್‌ಮನ್ ಅವರ ಜಿಮ್ಮಿ ಕಿಂಕೇಡ್ ಕತೆಗಳಲ್ಲಿ ಯಾವುದು ಸಿಕ್ಕಿದರೂ ಸರಿ: ‘ನೀಟ್’ ಎಂಬ ಕಿರುಕಾದಂಬರಿ, ಇಲ್ಲವೆ ‘ಶೇಕನ್: ನೋ ಜಾಬ್ ಟೂ ಸ್ಮಾಲ್’. ಕಿಂಕೇಡ್ ಮಂತ್ರಶಕ್ತಿಯ ಬಹುಪಾಲನ್ನು ಕಳೆದುಕೊಂಡ ಪತ್ತೇದಾರ, ಸಿಯಾಟಲ್‌ನ ಪ್ಯುಆಲಪ್ ಎಂಬ ಬೂದಿ ಕವಿದ ಬಡ ಪ್ರದೇಶದವನು. ವೈರ್‌ಲೆಸ್ ಜಾಲ, ಕಣ್ಣೆದುರೇ ತೇಲುವ ಜಾಹೀರಾತು ಮತ್ತು ಸೂಚನೆಗಳು, ಹೊಸ ಪೊಲೀಸ್ ವ್ಯವಸ್ಥೆ – ಎಲ್ಲವೂ ದಿನಬಳಕೆಯಲ್ಲಿ ಹೇಗಿರುತ್ತವೆಂದು ಇಲ್ಲಿ ಕಾಣುತ್ತದೆ. ನಿಮ್ಮ ಗುಂಪಿನಲ್ಲಿ ಯಾರಾದರೂ ಟೆಕ್ನೋಮ್ಯಾನ್ಸರ್ ಆಗುತ್ತೇನೆಂದು ಹೊರಟಿದ್ದರೆ ಕಿಂಕೇಡ್ ಬದಲು ಫೀಡ್ರಾ ವೆಲ್ಡನ್ ಅವರ ‘ಡಾರ್ಕ್ ರೆಸೊನೆನ್ಸ್’ ಕೊಳ್ಳಿ. ಯಂತ್ರವಿಲ್ಲದೆ ಮನಸ್ಸಿನಿಂದಲೇ ಜಾಲಕ್ಕೆ ಇಳಿಯುವವರ ಒಳಗು ಹೇಗಿರುತ್ತದೆ ಎಂಬುದು ನಿಯಮ ಓದಿ ಅರ್ಥವಾಗುವ ಸಂಗತಿಯಲ್ಲ.

ಹಾಗಾದರೆ ಎಲ್ಲರೂ ಹೊಗಳುವ ಆ ಒಂದು, ಎರಡು, ಮೂರನೇ ನಂಬರಿನ ತ್ರಿವಳಿ? ರಾಬರ್ಟ್ ಚಾರೆಟ್ ಅವರ ‘ಸೀಕ್ರೆಟ್ಸ್ ಆಫ್ ಪವರ್’ – ‘ನೆವರ್ ಡೀಲ್ ವಿತ್ ಎ ಡ್ರ್ಯಾಗನ್’ (1990), ‘ಚೂಸ್ ಯುವರ್ ಎನಿಮೀಸ್ ಕೇರ್‌ಫುಲಿ’ ಮತ್ತು ‘ಫೈಂಡ್ ಯುವರ್ ಓನ್ ಟ್ರೂಥ್’ (ಎರಡೂ 1991). ಚಾರೆಟ್ ಆಟವನ್ನು ಹುಟ್ಟುಹಾಕಿದವರಲ್ಲಿ ಒಬ್ಬರು. ಸ್ಯಾಮ್ ವರ್ನರ್ ರೆನ್‌ರಾಕು ಕಂಪನಿಯ ನಿಷ್ಠಾವಂತ ನೌಕರ. ತಂಗಿ ಜ್ಯಾನಿಸ್ ದೇಹ ಮಾರ್ಪಟ್ಟು ಬೇರೆಯೇ ಜೀವವಾದಾಗ ಕಂಪನಿ ಅವಳ ಸುಳಿವು ಕೊಡುವುದಿಲ್ಲ. ಅಲ್ಲಿಂದ ಅವನು ಕಂಪನಿಯ ಗೋಡೆ ದಾಟಿ ನೆರಳಿಗೆ, ಅಂದರೆ ಕಾನೂನಿನಾಚೆಯ ಬದುಕಿಗೆ ಬರುತ್ತಾನೆ, ನಾಯಿಯ ಮಾರ್ಗದ ಶಾಮನ್ ಆಗುತ್ತಾನೆ. ಜಗತ್ತನ್ನು ಹೊರಗಿನವನ ಕಣ್ಣಿನಿಂದ ನಿಧಾನಕ್ಕೆ ಪರಿಚಯಿಸುವುದರಿಂದ ಹೊಸಬರಿಗೆ ಇದು ನಿಜಕ್ಕೂ ಒಳ್ಳೆಯದು. ತೊಡಕು ಎರಡು. ಒಂದು, ಇದು ಮೂರು ಪುಸ್ತಕವಲ್ಲ, ಮೂರು ಭಾಗದ ಒಂದೇ ಕತೆ. ಮೊದಲನೆಯದನ್ನು ಓದಿ ನಿಲ್ಲಿಸಿದರೆ ತಂಗಿಯ ಎಳೆ ಕೈಯಲ್ಲೇ ಉಳಿಯುತ್ತದೆ. ನಿಮ್ಮ ಮೂರು ಪುಸ್ತಕದ ಲೆಕ್ಕವೆಲ್ಲ ಇದಕ್ಕೇ ಮುಗಿದುಹೋಗುತ್ತದೆ, ಮತ್ತು ಎರಡನೆಯದು ಮಾತ್ರ ಸಿಗದೆ ಪರದಾಡುವುದು ಹಳೆಯ ಪ್ರತಿಗಳ ಮಾಮೂಲಿ ಪಾಡು. ಇನ್ನೊಂದು ತೊಡಕು, ಮೂರನೇ ಭಾಗದ ಹೊತ್ತಿಗೆ ಸ್ಯಾಮ್ ಮಾಡುವ ಮಂತ್ರಕಾರ್ಯದ ಪ್ರಮಾಣ ಯಾವ ಆಟಗಾರನ ಕೈಗೂ ಎಟುಕುವಂಥದ್ದಲ್ಲ. ಓದಿದವರು ಮೇಜಿಗೆ ಬಂದು ಅದನ್ನೇ ಕೇಳುತ್ತಾರೆ.

ಈ ಕೇಳಿಕೆಗೆ ಉತ್ತರ ಸಿದ್ಧವಿರಲಿ. ಐದನೇ ಆವೃತ್ತಿಯಲ್ಲಿ ಪಾತ್ರ ಕಟ್ಟುವಾಗ ಜೀವಜಾತಿ (ಮನುಷ್ಯ, ಓರ್ಕ್, ಟ್ರೋಲ್ ಇತ್ಯಾದಿ), ಗುಣಾಂಕ, ಮಂತ್ರ, ಕೌಶಲ, ಹಣ – ಈ ಐದಕ್ಕೆ ಎ ಯಿಂದ ಇ ವರೆಗಿನ ಐದು ದರ್ಜೆ ಹಂಚಬೇಕು. ಒಂದು ದರ್ಜೆ ಒಂದಕ್ಕೇ. ಸ್ಯಾಮ್ ಹಾಗೆ ‘ಮೊದಲು ಸಾಮಾನ್ಯ ನೌಕರ, ಆಮೇಲೆ ಶಾಮನ್’ ಆಗುತ್ತೇನೆಂದರೆ ಮಂತ್ರಕ್ಕೆ ಆರಂಭದಲ್ಲೇ ಮೇಲಿನ ದರ್ಜೆ ಇಟ್ಟು, ಕತೆಯಲ್ಲಿ ಮಾತ್ರ ಅದು ಇನ್ನೂ ಎಚ್ಚರವಾಗಿಲ್ಲವೆಂದು ಹೇಳಬೇಕು. ಮಂತ್ರಕ್ಕೆ ಇ ದರ್ಜೆ ಕೊಟ್ಟವನಿಗೆ ಅರ್ಧ ಆಟದಲ್ಲಿ ಶಕ್ತಿ ದಯಪಾಲಿಸಿದರೆ, ಹಣಕ್ಕೆ ಎ ಇಟ್ಟು 4,50,000 ನ್ಯೂಯೆನ್ ಪಡೆದ ಪಕ್ಕದವನು ಸುಮ್ಮನಿದ್ದರೂ ಮಂತ್ರಕ್ಕೆ ಮೇಲಿನ ದರ್ಜೆ ಇಟ್ಟು ಹಣದಲ್ಲಿ 6,000ಕ್ಕೆ ತೃಪ್ತಿಪಟ್ಟುಕೊಂಡ ಮಾಂತ್ರಿಕ ಸುಮ್ಮನಿರುವುದಿಲ್ಲ.

ಮೊದಲ ಸುತ್ತಿನಲ್ಲಿ ಮುಟ್ಟಬಾರದವು ಕೆಲವಿವೆ. ಕ್ಯಾರೊಲಿನ್ ಸ್ಪೆಕ್ಟರ್ ಅವರ ‘ವರ್ಲ್ಡ್ಸ್ ವಿದೌಟ್ ಎಂಡ್’ (1995) ಅದರಲ್ಲಿ ಮೊದಲನೆಯದು. ಫಾಸಾ ಕಂಪನಿಗೆ ‘ಅರ್ತ್‌ಡಾನ್’ ಎಂಬ ಇನ್ನೊಂದು ಆಟವಿತ್ತು. ಅದರ ಪುರಾಣಕಾಲವೇ ಶ್ಯಾಡೋರನ್‌ನ ಪ್ರಾಚೀನ ಭೂತಕಾಲ ಎಂಬುದು ಒಳಗಿನ ಕಲ್ಪನೆ. ಈ ಕಾದಂಬರಿ ನಿಂತಿರುವುದು ಆ ಸೇತುವೆಯ ಮೇಲೆ. ಎರಡೂ ದಡ ಗೊತ್ತಿಲ್ಲದವರಿಗೆ ಸೇತುವೆಯಿಂದ ಏನು ಕಂಡೀತು! ಜ್ಯಾಕ್ ಕೋಕ್ ಅವರ ‘ಡ್ರ್ಯಾಗನ್ ಹಾರ್ಟ್’ ತ್ರಿವಳಿಯೂ (‘ಸ್ಟ್ರೇಂಜರ್ ಸೋಲ್ಸ್’ನಿಂದ ಶುರು, 1997) ಹೀಗೆಯೇ. ಡಂಕಲ್‌ಜಾನ್ ಎಂಬ ಡ್ರ್ಯಾಗನ್ ರಾಷ್ಟ್ರಾಧ್ಯಕ್ಷನಾಗಿ ಗೆದ್ದು 2057ರ ಆಗಸ್ಟ್ 9ರಂದು, ಅಧಿಕಾರ ವಹಿಸಿಕೊಂಡ ರಾತ್ರಿಯೇ ಕೊಲೆಯಾಗುತ್ತಾನೆ. ತ್ರಿವಳಿ ಆ ಸಾವಿನ ಬೆನ್ನಿಗೆ ಹೊರಡುತ್ತದೆ. ಆ ಡ್ರ್ಯಾಗನ್ ಯಾರು, ಜನಕ್ಕೆ ಅವನೆಂದರೆ ಯಾಕೆ ಅಷ್ಟು ಪ್ರೀತಿ ಎಂದು ಮೊದಲೇ ಗೊತ್ತಿದ್ದವರಿಗೆ ಮಾತ್ರ ಆ ಸಾವು ತಟ್ಟುತ್ತದೆ. ಟಾಮ್ ಡೌಡ್ ಅವರ ‘ಬರ್ನಿಂಗ್ ಬ್ರೈಟ್’ ಶಿಕಾಗೋದ ದುರಂತದ ಕತೆ, ಬ್ರದರ್‌ಹುಡ್ ಎಳೆಯ ಮುಂದುವರಿಕೆ. ನೀವು ಆಟದಲ್ಲಿ ಆ ಎಳೆಯನ್ನು ಕಂಡಿರುವುದರಿಂದ ನಾಲ್ಕನೇ ಪುಸ್ತಕವಾಗಿ ಧಾರಾಳವಾಗಿ ಓದಬಹುದು. ‘ಹೌಸ್ ಆಫ್ ದ ಸನ್’ ಸ್ವತಂತ್ರ ಕಾದಂಬರಿಯೆಂದು ಕಾಣುತ್ತದೆ, ಅಸಲಿಗೆ ‘2ಎಕ್ಸ್‌ಎಸ್’ನ ಮಾಂಟ್‌ಗೊಮರಿಯೇ ಹವಾಯಿಗೆ ಹೋಗುವ ಕತೆ.

ಮಿಕ್ಕವನ್ನು ಅಭಿರುಚಿಗೆ ತಕ್ಕಂತೆ ಆರಿಸಿ. ಓರ್ಕ್, ಟ್ರೋಲ್‌ಗಳ ಬಗ್ಗೆ ಸಮಾಜದ ಅಸಹ್ಯ ಹೇಗಿರುತ್ತದೆ ಎಂಬುದಕ್ಕೆ ಕ್ರಿಸ್ ಕುಬಾಸಿಕ್ ಅವರ ‘ಚೇಂಜ್‌ಲಿಂಗ್’ (1992) ಓದಬೇಕು: ವಿಜ್ಞಾನಿಯ ಮಗ ಹದಿಹರೆಯದಲ್ಲಿ ಟ್ರೋಲ್ ಆಗಿ ಮಾರ್ಪಟ್ಟು, ಮತ್ತೆ ಮನುಷ್ಯನಾಗುವ ಮದ್ದು ಹುಡುಕುತ್ತಾ ಬದುಕು ಸವೆಸುತ್ತಾನೆ. ನಿಮ್ಮಲ್ಲಿ ಟ್ರೋಲ್ ಪಾತ್ರ ಆಡುವವರು ಅದನ್ನು ಬರೀ ‘ಬಲಶಾಲಿ’ ಎಂದುಕೊಂಡಿದ್ದರೆ ಈ ಪುಸ್ತಕ ಕಣ್ಣು ತೆರೆಸುತ್ತದೆ. ಲಂಡನ್ ಬೇಕಾದರೆ ಕಾರ್ಲ್ ಸಾರ್ಜೆಂಟ್ ಮತ್ತು ಮಾರ್ಕ್ ಗ್ಯಾಸ್ಕಾಯ್ನ್ ಜೋಡಿಯ ‘ಸ್ಟ್ರೀಟ್ಸ್ ಆಫ್ ಬ್ಲಡ್’, ಲಾಗೋಸ್ ಬೇಕಾದರೆ ಜೇಸನ್ ಹಾರ್ಡಿ ಅವರ ‘ಹೆಲ್ ಆನ್ ವಾಟರ್’. 2005-06ರಲ್ಲಿ ವಿಜ್‌ಕಿಡ್ಸ್ ಎಂಬ ಕಂಪನಿಯ ಕಾಲದಲ್ಲಿ ಬಂದ ಸ್ಟೀಫನ್ ಕೆನ್ಸನ್ ಅವರ ಕೆಲ್ಲನ್ ಕೋಲ್ಟ್ ತ್ರಿವಳಿ (‘ಬಾರ್ನ್ ಟು ರನ್’ ಮೊದಲನೆಯದು) ಹೊಸದಾಗಿ ಸಿಯಾಟಲ್‌ಗೆ ಬಂದ ಹುಡುಗಿಯ ಕತೆ. ಇಂಗ್ಲಿಷ್ ಸರಳ, ತಿರುವುಗಳು ಮುಂಚೆಯೇ ಗೊತ್ತಾಗಿಬಿಡುತ್ತವೆ. ಇಂಗ್ಲಿಷ್ ಕಾದಂಬರಿ ಓದಿ ಅಭ್ಯಾಸವಿಲ್ಲದ ಆಟಗಾರರಿಗೆ ಕೊಡಲು ಅಡ್ಡಿಯಿಲ್ಲ.

ಹಳೆಯ ಪುಸ್ತಕಗಳ ಇಂಗ್ಲಿಷಿಗೊಂದು ವಿಚಿತ್ರ ಲಕ್ಷಣವಿದೆ. ಬೈಗುಳಗಳ ಜಾಗದಲ್ಲಿ ‘ಫ್ರ್ಯಾಗ್’, ‘ಡ್ರೆಕ್’ ಎಂಬ ಪದಗಳು, ಗೆಳೆಯನಿಗೆ ‘ಚಮ್ಮರ್’, ದೂರದರ್ಶನಕ್ಕೆ ‘ಟ್ರಿಡ್’. ಕೆಲಸ ಕೊಡುವ ಅನಾಮಿಕನೆಲ್ಲ ‘ಮಿಸ್ಟರ್ ಜಾನ್ಸನ್’. ಇವುಗಳಲ್ಲಿ ಹಲವು ಈ ಅರ್ಥದಲ್ಲಿ ನಿಘಂಟಿನಲ್ಲಿ ಸಿಗುವುದಿಲ್ಲ. ಒಂದು ಅಧ್ಯಾಯ ದಾಟುವಷ್ಟರಲ್ಲಿ ಸಂದರ್ಭದಿಂದಲೇ ತಿಳಿಯುತ್ತದೆ. ನಿಮ್ಮ ಆಟ ಕನ್ನಡದಲ್ಲಿ ನಡೆಯುವುದಾದರೆ ಇವನ್ನು ಅನುವಾದಿಸುವ ಗೋಜಿಗೆ ಹೋಗಬೇಡಿ. ‘ಮಿಸ್ಟರ್ ಜಾನ್ಸನ್’ ಮತ್ತು ‘ರನ್’ (ಅವನು ಕೊಡುವ ಕಳ್ಳಗೆಲಸ) ಎರಡನ್ನು ಹಾಗೇ ಉಳಿಸಿಕೊಂಡು, ಬೈಗುಳಕ್ಕೆ ನಿಮ್ಮ ನಿಮ್ಮ ಊರಿನ ದಾಸ್ತಾನು ಬಳಸಿ. ಅದು ಖಂಡಿತ ‘ಡ್ರೆಕ್’ಗಿಂತ ಸಮೃದ್ಧವಾಗಿರುತ್ತದೆ.

ಇನ್ನೊಂದು ಎಚ್ಚರ. 1990ರ ಅಮೆರಿಕದ ಭಯ-ಭ್ರಮೆಗಳು ಈ ಪುಟಗಳಲ್ಲಿ ಹಾಗೇ ಕೂತಿವೆ. ಜಪಾನಿನ ಕಂಪನಿಗಳು ಜಗತ್ತನ್ನು ನುಂಗುತ್ತವೆಂಬುದು ಆಗಿನ ಅಂಜಿಕೆ. ಹಣದ ಹೆಸರೇ ನ್ಯೂಯೆನ್. ಅಮೆರಿಕದ ಮೂಲನಿವಾಸಿಗಳು ಮಹಾ ಘೋಸ್ಟ್ ಡ್ಯಾನ್ಸ್ ನಡೆಸಿ ನೆಲವನ್ನು ಮರಳಿ ಪಡೆದರೆಂಬುದು ಈ ಜಗತ್ತಿನ ಅಡಿಪಾಯಗಳಲ್ಲೊಂದು. ಘೋಸ್ಟ್ ಡ್ಯಾನ್ಸ್ ನಿಜ ಇತಿಹಾಸದಲ್ಲಿ ವೊವೊಕಾ ಎಂಬ ಪಯೂಟ್ ಗುರು ಹಬ್ಬಿಸಿದ ಧಾರ್ಮಿಕ ಚಳವಳಿ. 1890ರ ಡಿಸೆಂಬರಿನಲ್ಲಿ ವೂಂಡೆಡ್ ನೀ ಎಂಬಲ್ಲಿ ಸೈನ್ಯ ನಡೆಸಿದ ಹತ್ಯಾಕಾಂಡಕ್ಕೂ ಅದಕ್ಕೂ ನೇರ ನಂಟಿದೆ. ಕಾದಂಬರಿಗಳು ಈ ಭಾರವನ್ನು ಒಂದೇ ಸಮ ಹೊರುವುದಿಲ್ಲ; ಎಷ್ಟೋ ಕಡೆ ಮೂಲನಿವಾಸಿ ಪಾತ್ರವೆಂದರೆ ಗರಿ, ತೋಳ ಮತ್ತು ಗಂಭೀರ ಮೌನ ಅಷ್ಟೆ. ಅದನ್ನು ಹಾಗೇ ಎತ್ತಿ ಮೇಜಿಗೆ ತರಬೇಡಿ.

ಆಟಕ್ಕೆ ಉಪಯೋಗವೆ ಎಂದು ಕೇಳಿದಿರಿ. ಉಪಯೋಗವಿದೆ, ಕಥಾವಸ್ತುವಿನಲ್ಲಲ್ಲ. ಕಾದಂಬರಿಯ ಕತೆಯನ್ನೇ ಆಡಿಸಲು ಹೊರಟವರು ಮೂರು ಕಡೆ ಸಿಕ್ಕಿಬೀಳುತ್ತಾರೆ. ಕಾದಂಬರಿಯ ನಾಯಕ ಮೂರನೇ ಅಧ್ಯಾಯಕ್ಕೆ ಪ್ರಜ್ಞೆ ತಪ್ಪಿ ಶತ್ರುವಿನ ಕೋಣೆಯಲ್ಲಿ ಎದ್ದರೆ ಓದುಗ ಪುಟ ತಿರುಗಿಸುತ್ತಾನೆ. ಅದೇ ಆಟಗಾರರಿಗೆ ಮಾಡಿದರೆ, ಸೆರೆ ಸಿಕ್ಕುವುದಕ್ಕಿಂತ ಸಾಯುತ್ತೇವೆ ಎಂದು ಕೊನೆಯ ಗುಂಡಿನವರೆಗೂ ಹೊಡೆದಾಡುತ್ತಾರೆ. ಡೆಕ್ಕರ್ ಒಬ್ಬನೇ ಜಾಲದೊಳಗೆ ಹೋಗುವ ಇಪ್ಪತ್ತು ಪುಟದ ಅಧ್ಯಾಯ ಪುಸ್ತಕದಲ್ಲಿ ಅದ್ಭುತ, ಮೇಜಿನಲ್ಲಿ ಉಳಿದ ನಾಲ್ವರು ಪಿಜ್ಜಾ ತರಲು ಎದ್ದು ಹೋಗುವ ಸಮಯ – ಹಳೆಯ ಆವೃತ್ತಿಗಳನ್ನು ಆಡಿದವರಲ್ಲಿ ಇದು ಗಾದೆಯೇ ಆಗಿದೆ. ಮೂರನೆಯದು, ಮಿಸ್ಟರ್ ಜಾನ್ಸನ್ನನ ದ್ರೋಹ. ಪ್ರತಿ ಕಾದಂಬರಿಗೂ ಒಂದು ದ್ರೋಹ ಬೇಕೇಬೇಕು. ಪ್ರತಿ ಆಟದಲ್ಲೂ ಅದನ್ನೇ ಮಾಡಿದರೆ ನಾಲ್ಕನೇ ವಾರಕ್ಕೆ ಯಾರೂ ಯಾವ ಕೆಲಸವನ್ನೂ ಒಪ್ಪುವುದಿಲ್ಲ. ಐದಾರು ಕೆಲಸಗಳಲ್ಲಿ ಒಂದು ಸಾಕು.

ತೆಗೆದುಕೊಳ್ಳಬೇಕಾದ್ದು ಕೆಲಸಕ್ಕೆ ಮುಂಚಿನ ತಲಾಶನ್ನು. ಒಳ್ಳೆಯ ಶ್ಯಾಡೋರನ್ ಕಾದಂಬರಿಯಲ್ಲಿ ಗುಂಡಿನ ಸದ್ದಿಗಿಂತ ಹೆಚ್ಚು ಪುಟ ವಿಚಾರಣೆಗೆ ಹೋಗುತ್ತದೆ: ಯಾರನ್ನು ಕೇಳಿದ, ಅವನು ಏನು ಬೆಲೆ ಕೇಳಿದ, ಏನು ಹೇಳಲಿಲ್ಲ. ಎರಡನೇ ಸಲ ಓದುವಾಗ ಪೆನ್ಸಿಲ್ ಹಿಡಿದು ಇಂಥ ಒಂದೊಂದು ಭೇಟಿಯಿಂದಲೂ ಮೂರೇ ವಿಷಯ ಬರೆದುಕೊಳ್ಳಿ – ಭೇಟಿಯ ಜಾಗ, ಆ ವ್ಯಕ್ತಿಗೆ ಹಣ ಬಿಟ್ಟು ಇನ್ನೇನು ಬೇಕು, ಅವನು ಯಾರಿಗೆ ಹೆದರುತ್ತಾನೆ. ‘ಲೋನ್ ವುಲ್ಫ್’ ಒಂದರಿಂದಲೇ ಇಂಥ ಹತ್ತು ಹನ್ನೆರಡು ಸಂಪರ್ಕಗಳು ಸಿಗುತ್ತವೆ. ಹೆಸರು ಬದಲಿಸಿದರೆ ಒಂದು ವರ್ಷದ ಆಟಕ್ಕೆ ಸಾಲುತ್ತದೆ. ಸಂಭಾವನೆಯ ಮೊತ್ತವನ್ನು ಮಾತ್ರ ಪುಸ್ತಕದಿಂದ ಎತ್ತಬೇಡಿ. ಮಧ್ಯಮ ದರ್ಜೆಯ ಬದುಕಿಗೆ ತಿಂಗಳಿಗೆ 5,000 ನ್ಯೂಯೆನ್ ಎಂಬ ಲೆಕ್ಕ ಮೊದಲ ಆವೃತ್ತಿಯಲ್ಲೂ ಐದನೆಯದರಲ್ಲೂ ಒಂದೇ, ಆದರೆ ಕೆಳದರ್ಜೆಯದು 1,000 ಇದ್ದದ್ದು 2,000 ಆಗಿದೆ, ಆಯುಧ ಮತ್ತು ಡೆಕ್ಕಿನ ಬೆಲೆಗಳಂತೂ ಆವೃತ್ತಿಗೊಂದು ಥರ. ನಿಮ್ಮ ನಿಯಮಪುಸ್ತಕದ ಬದುಕಿನ ವೆಚ್ಚವನ್ನು ಅಳತೆಗೋಲು ಮಾಡಿಕೊಂಡು, ತಲೆಗೆ ಎಷ್ಟು ತಿಂಗಳ ಖರ್ಚು ಸಿಗುತ್ತದೆ ಎಂದು ಯೋಚಿಸಿ ಮೊತ್ತ ಕಟ್ಟಿ.

ನಿಯಮದ ವಿಷಯಕ್ಕೆ ಬಂದರೆ ಕಾದಂಬರಿಯನ್ನು ಸಾಕ್ಷಿಯಾಗಿ ಒಪ್ಪಬೇಡಿ. ಆಟದಲ್ಲಿ ಎಲ್ಲರಿಗೂ ‘ಎಸೆನ್ಸ್’ 6; ದೇಹಕ್ಕೆ ಯಂತ್ರ ಸೇರಿಸಿದಷ್ಟೂ ಅದು ಇಳಿಯುತ್ತದೆ, ಜೊತೆಗೆ ಮಂತ್ರಶಕ್ತಿಯೂ ಕುಗ್ಗುತ್ತದೆ. ಲೇಖಕರು ಈ ಲೆಕ್ಕವನ್ನು ಇಟ್ಟುಕೊಂಡು ಬರೆಯುವುದಿಲ್ಲ. ‘ಆ ಪುಸ್ತಕದಲ್ಲಿ ಹೀಗೆ ಮಾಡಿದ್ದಾನಲ್ಲ’ ಎಂಬ ವಾದ ಬಂದರೆ ನಿಯಮಪುಸ್ತಕ ತೆರೆದು ತೋರಿಸಿ, ಮಾತು ಮುಗಿಸಿ.

ಕೊಳ್ಳುವಾಗ ಹೆಸರಿನಿಂದ ಮಾತ್ರ ಹುಡುಕಬೇಡಿ, ಮೋಸಹೋಗುತ್ತೀರಿ. ‘ಲೋನ್ ವುಲ್ಫ್’ ಎಂದರೆ ಜೋ ಡೆವರ್ ಅವರ ಹೆಸರಾಂತ ಗೇಮ್‌ಬುಕ್ ಸರಣಿ ಮೊದಲು ಬರುತ್ತದೆ. ‘ಬಾರ್ನ್ ಟು ರನ್’ ಎಂದರೆ ದೂರ ಓಟದ ಬಗೆಗಿನ ಪುಸ್ತಕ, ಇಲ್ಲವೆ ಗಾಯಕರೊಬ್ಬರ ಆತ್ಮಕಥೆ. ‘ಚೇಂಜ್‌ಲಿಂಗ್’ ಹೆಸರಿನ ಬೇರೊಂದು ರೋಲ್‌ಪ್ಲೇಯಿಂಗ್ ಆಟವೇ ಇದೆ. ಲೇಖಕರ ಹೆಸರು ಮತ್ತು ‘ಶ್ಯಾಡೋರನ್’ ಎರಡನ್ನೂ ಸೇರಿಸಿ ಹುಡುಕಿ. ಹಳೆಯ ಕಾದಂಬರಿಗಳಲ್ಲಿ ಹಲವನ್ನು ಈಗಿನ ಆಟದ ಪ್ರಕಾಶಕರಾದ ಕ್ಯಾಟಲಿಸ್ಟ್ ‘ಶ್ಯಾಡೋರನ್ ಲೆಜೆಂಡ್ಸ್’ ಎಂಬ ಹೆಸರಿನಲ್ಲಿ ಇ-ಪುಸ್ತಕವಾಗಿ ತಂದಿದ್ದಾರೆ, ಮೊದಲು ಅಲ್ಲಿ ನೋಡಿ. ವಿದೇಶದಿಂದ ಹಳೆಯ ಪ್ರತಿ ತರಿಸಿದರೆ ಪುಸ್ತಕಕ್ಕಿಂತ ಅಂಚೆಖರ್ಚೇ ಹೆಚ್ಚಾಗುವುದುಂಟು. ಅಚ್ಚಿನ ಪ್ರತಿಯೇ ಬೇಕೆಂದರೆ, ಇವೆಲ್ಲ ಅಗ್ಗದ ಕಾಗದದ ಪಾಕೆಟ್ ಪುಸ್ತಕಗಳು, ಮೂವತ್ತು ವರ್ಷ ದಾಟಿದವು ಎಂಬುದು ನೆನಪಿರಲಿ. ಕಾಗದ ಕಂದು ತಿರುಗಿರುತ್ತದೆ, ಅದು ದೋಷವಲ್ಲ. ಬೆನ್ನಿನ ಅಂಟು ಒಣಗಿ ಮಧ್ಯದಿಂದ ಹಾಳೆ ಕಳಚಿಕೊಳ್ಳುವುದು ದೋಷ. ಬೆನ್ನಿನ ಚಿತ್ರ, ನಡುಪುಟ ಬಿಚ್ಚಿಟ್ಟ ಚಿತ್ರ, ಕೊನೆಯ ಪುಟದ ಚಿತ್ರ – ಮೂರನ್ನೂ ಕೇಳಿ ತರಿಸಿಕೊಂಡು ಆಮೇಲೆ ಹಣ ಕೊಡಿ. ಬಂದ ಮೇಲೆ 180 ಡಿಗ್ರಿ ಬಿಡಿಸಿ ಓದಬೇಡಿ.

ಮ್ಯೂನಿಕ್‌ನ ಗೆಳೆಯರ ಪಾಲಿಗೆ ಅದೃಷ್ಟ ಬೇರೆಯೇ ಇದೆ. ಜರ್ಮನಿಯಲ್ಲಿ ಈ ಆಟಕ್ಕೆ ದೊಡ್ಡ ಬಳಗವಿದೆ. ಇಂಗ್ಲಿಷ್ ಕಾದಂಬರಿಗಳ ಅನುವಾದವಲ್ಲದೆ ಜರ್ಮನ್ ಲೇಖಕರೇ ಬರೆದ, ಇಂಗ್ಲಿಷಿಗೆ ಬಾರದ ಕಾದಂಬರಿಗಳೂ ಅಲ್ಲಿ ಬಂದಿವೆ. ಹಾನ್ಸ್ ಯೋಆಖಿಮ್ ಆಲ್ಪರ್ಸ್ ಅವರ ‘ಡಾಯ್ಚ್‌ಲಾಂಟ್ ಇನ್ ಡೆನ್ ಶಾಟೆನ್’ ತ್ರಿವಳಿಯನ್ನು ಹುಡುಕಲು ಹೇಳಿ; ಮೊದಲ ಭಾಗ ‘ದಾಸ್ ತ್ಸೆರಿಸೆನೆ ಲಾಂಟ್’. ‘ಡ್ರ್ಯಾಗನ್‌ಫಾಲ್’ನಲ್ಲಿ ನೀವು ಕಂಡ ಬರ್ಲಿನ್ ಇರುವ ಆ ಛಿದ್ರ ಜರ್ಮನಿಯನ್ನು ಆ ನಾಡಿನವರೇ ಕಟ್ಟಿಕೊಟ್ಟದ್ದು ಅದರಲ್ಲಿದೆ. ನಿಮ್ಮ ತಂಡ ಎಂದಾದರೂ ಸಿಯಾಟಲ್ ಬಿಟ್ಟು ಬರ್ಲಿನ್ನಿಗೆ ಹೋಗುವುದಾದರೆ, ಆ ಭಾಗದ ಗೇಮ್‌ಮಾಸ್ಟರ್ ಕೆಲಸವನ್ನು ಅವರಿಗೇ ಒಪ್ಪಿಸಿ, ನೀವು ಒಂದು ಪಾತ್ರ ಕಟ್ಟಿಕೊಂಡು ಆಟಗಾರರ ಸಾಲಿಗೆ ಬನ್ನಿ.